ಮನೆ ಪ್ರಿಂಟರಿನ ಇಂಕ್: ಕೊಳ್ಳುವ ಮುಂಚೆ, ಹಾಕುವಾಗ, ಒಣಗಿದಾಗ

"ಪ್ರಿಂಟರ್ ತಗೊಂಡು ಒಂದು ವರ್ಷ. ಐವತ್ತು ಪುಟಾನೂ ಪ್ರಿಂಟ್ ಮಾಡಿಲ್ಲ. ಆಗಲೇ ಇಂಕ್ ಖಾಲಿ ಅಂತಿದೆ. ಇದು ಮೋಸ ಅಲ್ವಾ?"

ಈ ಪ್ರಶ್ನೆ ಬಾರದ ತಿಂಗಳಿಲ್ಲ. ಒಂದು ಸಲ ಮೈಸೂರಿನಿಂದ, ಇನ್ನೊಂದು ಸಲ ಮಂಡ್ಯದಿಂದ. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ. ರೀಫಿಲ್ ಮಾಡಿಸಿದರೆ ಪ್ರಿಂಟರ್ ಹಾಳಾಗುತ್ತಾ? ಅಂಗಡಿಯವರು ಕೊಟ್ಟ ಕಾರ್ಟ್ರಿಡ್ಜ್ (ಇಂಕ್ ತುಂಬಿದ ಡಬ್ಬಿ) ಸರಿಯಾಗಿ ಕೂತಿದೆ, ಆದರೂ ಪ್ರಿಂಟರ್ ಒಪ್ಪುತ್ತಿಲ್ಲ, ಯಾಕೆ? ಮೂರಕ್ಕೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಮನೆ ಪ್ರಿಂಟರ್ ಸುಮ್ನೆ ಕೂತಾಗಲೇ ಇಂಕ್ ಜಾಸ್ತಿ ಹಾಳಾಗುವುದು. ಬಳಸದೆ ಬಿಟ್ಟರೆ ಇಂಕ್ ಒಣಗುತ್ತದೆ. ಒಣಗಿದ್ದನ್ನು ಬಿಡಿಸಲು ಪ್ರಿಂಟರ್ ಒಂದಷ್ಟು ಹೊಸ ಇಂಕ್ ಎಳೆದು ಚೆಲ್ಲುತ್ತದೆ. ಕಾಗದದ ಮೇಲೆ ಬಿದ್ದಿದ್ದು ಐವತ್ತು ಪುಟದಷ್ಟು, ಉಳಿದಿದ್ದು ಪ್ರಿಂಟರಿನ ಹೊಟ್ಟೆಯೊಳಗೆ. ಮೋಸ ಅಂತ ಅನ್ನಿಸುವುದು ಇದೇ ಲೆಕ್ಕದಲ್ಲಿ.

ಮುಂದೆ ಎರಡು ಪದ ಪದೇ ಪದೇ ಬರುತ್ತವೆ. ನಾಜಲ್ ಅಂದರೆ ಇಂಕ್ ಹೊರಗೆ ಚಿಮ್ಮುವ ತೂತು, ತಲೆಗೂದಲಿಗಿಂತ ಸಣ್ಣದು. ಇಂಥ ನೂರಾರು ತೂತು ಇರುವ ಭಾಗಕ್ಕೆ ಹೆಡ್ ಅನ್ನುತ್ತಾರೆ. "ಹೆಡ್ ಬ್ಲಾಕ್ ಆಗಿದೆ" ಅಂತ ಮೆಕ್ಯಾನಿಕ್ ಹೇಳಿದರೆ ಈ ತೂತುಗಳಲ್ಲಿ ಇಂಕ್ ಒಣಗಿ ಕೂತಿದೆ ಅಂತ ಅರ್ಥ.

1. ನಿಮ್ಮ ಪುಟ ಎಣಿಸಿ

ಕಾರ್ಟ್ರಿಡ್ಜ್ ಅಂಗಡಿಗೆ ಹೋಗುವ ಮುಂಚೆ, ಕಳೆದ ಮೂರು ತಿಂಗಳಲ್ಲಿ ಮನೆಯಲ್ಲಿ ಏನೇನು ಪ್ರಿಂಟ್ ಆಯಿತು ಅಂತ ನೆನಪು ಮಾಡಿಕೊಳ್ಳಿ. ಪಹಣಿ, ಆಧಾರ್, ಹಾಲ್ ಟಿಕೆಟ್, ರೈಲು ಟಿಕೆಟ್, ಮಕ್ಕಳ ಪ್ರಾಜೆಕ್ಟು. ಎಲ್ಲಾ ಸೇರಿ ತಿಂಗಳಿಗೆ ಹತ್ತು ಪುಟವೂ ಆಗುತ್ತಿಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ: ನಿಮಗೆ ಇಂಕ್‌ಜೆಟ್, ಅಂದರೆ ಹೀಗೆ ಇಂಕ್ ಚಿಮ್ಮಿಸುವ ಪ್ರಿಂಟರೇ ಬೇಡ. ಬೀದಿ ಕೊನೆಯ ಜೆರಾಕ್ಸ್ ಅಂಗಡಿ ಅಗ್ಗ. ಅಲ್ಲಿ ಇಂಕ್ ಒಣಗುವ ಚಿಂತೆ ನಿಮ್ಮದಲ್ಲ.

ತಿಂಗಳಿಗೆ ಮೂವತ್ತು, ನಲವತ್ತು ಪುಟ ಅಂದರೆ ಕಾರ್ಟ್ರಿಡ್ಜ್ ಪ್ರಿಂಟರ್ ಸಾಕು. ನೂರು ದಾಟಿದರೆ ಇಂಕ್ ಟ್ಯಾಂಕ್ ಪ್ರಿಂಟರ್ ಕಡೆ ನೋಡಿ. ಬಾಟಲಿಯಿಂದ ಇಂಕ್ ಸುರಿಯುವ ಮಾದರಿ ಅದು.

2. ನಿಮ್ಮದು ಯಾವ ಜಾತಿಯ ಪ್ರಿಂಟರ್?

ಇದು ಗೊತ್ತಿಲ್ಲದೆ ಕೊಂಡರೆ ಮುಂದಿನ ಎಲ್ಲಾ ಹಂತ ತಪ್ಪುತ್ತದೆ. ಜಾತಿ ಮೂರು.

ಒಂದು, ಹೆಡ್ ಕಾರ್ಟ್ರಿಡ್ಜ್‌ನಲ್ಲೇ ಇರುವುದು. ಎಚ್‌ಪಿ ಡೆಸ್ಕ್‌ಜೆಟ್, ಕ್ಯಾನನ್ ಪಿಕ್ಸ್ಮಾದ ಅಗ್ಗದ ಮಾದರಿಗಳು ಹೀಗೆ. ಕಪ್ಪು ಒಂದು, ಮೂರು ಬಣ್ಣ ಸೇರಿದ್ದು ಒಂದು, ಒಟ್ಟು ಎರಡೇ ಕಾರ್ಟ್ರಿಡ್ಜ್. ತೆಗೆದು ತಿರುಗಿಸಿ ನೋಡಿ, ತಾಮ್ರದ ಬಣ್ಣದ ಚುಕ್ಕಿಗಳ ಪಟ್ಟಿ, ಕೆಳಗೆ ಹೊಳೆಯುವ ಸಣ್ಣ ತಟ್ಟೆ ಕಾಣುತ್ತದೆ. ಆ ತಟ್ಟೆಯೇ ಹೆಡ್. ಕಾರ್ಟ್ರಿಡ್ಜ್ ಬದಲಿಸಿದಾಗ ಹೆಡ್ಡೂ ಹೊಸದು ಬರುತ್ತದೆ. ಬೆಲೆ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ.

ಎರಡು, ಹೆಡ್ ಪ್ರಿಂಟರಿನಲ್ಲೇ ಉಳಿದು, ಬಣ್ಣಕ್ಕೊಂದು ಬೇರೆ ಬೇರೆ ಕಾರ್ಟ್ರಿಡ್ಜ್ ಇರುವುದು. ಎಪ್ಸನ್ ಕಾರ್ಟ್ರಿಡ್ಜ್ ಪ್ರಿಂಟರ್‌ಗಳು ಹೀಗೆ. ಹಳದಿ ಮುಗಿದರೆ ಹಳದಿ ಮಾತ್ರ ಕೊಂಡರಾಯಿತು. ಆದರೆ ಹೆಡ್ ಕೆಟ್ಟರೆ ಪ್ರಿಂಟರೇ ರಿಪೇರಿಗೆ ಹೋಗಬೇಕು.

ಮೂರು, ಟ್ಯಾಂಕ್. ಎಪ್ಸನ್ ಇಕೋಟ್ಯಾಂಕ್, ಕ್ಯಾನನ್ ಜಿ ಸರಣಿ, ಎಚ್‌ಪಿ, ಬ್ರದರ್ ಎಲ್ಲರಲ್ಲೂ ಇದೆ.

ಇನ್ನೊಂದು ವ್ಯತ್ಯಾಸ ಒಳಗಿದೆ. ಎಚ್‌ಪಿ, ಕ್ಯಾನನ್ ಇಂಕನ್ನು ಕ್ಷಣಮಾತ್ರ ಕಾಯಿಸುತ್ತವೆ. ಗುಳ್ಳೆ ಎದ್ದು ಹನಿ ಹೊರಗೆ ಚಿಮ್ಮುತ್ತದೆ. ಎಪ್ಸನ್, ಬ್ರದರ್ ಕಾಯಿಸುವುದಿಲ್ಲ. ವಿದ್ಯುತ್ ಕೊಟ್ಟಾಗ ಬಾಗುವ ಹರಳು ಇಂಕನ್ನು ತಳ್ಳುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ಕಾಯಿಸುವ ಹೆಡ್ಡನ್ನು ತಣ್ಣಗಿಡುವುದು ಇಂಕೇ. ಇಂಕ್ ಇಲ್ಲದೆ ಪ್ರಿಂಟ್ ಕೊಡುತ್ತಾ ಹೋದರೆ ಹೆಡ್ ಸುಟ್ಟುಹೋಗುತ್ತದೆ. ಒಲೆ ಮೇಲೆ ಖಾಲಿ ಪಾತ್ರೆ ಇಟ್ಟ ಹಾಗೆ. ಆಮೇಲೆ ರೀಫಿಲ್ ಮಾಡಿಸಿದರೂ ಅದು ಏಳುವುದಿಲ್ಲ.

3. ನಂಬರ್ ಬರೆದುಕೊಳ್ಳಿ, ನೆನಪನ್ನು ನಂಬಬೇಡಿ

ಪ್ರಿಂಟರಿನ ಬಾಗಿಲು ತೆಗೆದು, ಒಳಗಿರುವ ಕಾರ್ಟ್ರಿಡ್ಜ್ ಮೇಲಿನ ಚೀಟಿಯ ಫೋಟೊ ತೆಗೆದುಕೊಳ್ಳಿ. ಪ್ರಿಂಟರಿನ ಮಾದರಿ ಹೆಸರಿನ ಫೋಟೊ ಕೂಡ. "ಎಚ್‌ಪಿ ಕಪ್ಪು ಕೊಡಿ" ಅಂತ ಕೇಳಿದರೆ ಅಂಗಡಿಯವರು ಏನು ಕೊಡಬೇಕು? 678, 680, 682, 803, 805 ಎಲ್ಲವೂ ಎಚ್‌ಪಿಯೇ. ನೋಡಲು ಅಣ್ಣತಮ್ಮಂದಿರ ಹಾಗಿವೆ, ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ. ಮಂಡ್ಯದಿಂದ ನಲವತ್ತು ಚಿಲ್ಲರೆ ಕಿಲೋಮೀಟರ್ ಮೈಸೂರಿಗೆ ಬಂದು 803ರ ಬದಲು 805 ಹಿಡಿದುಕೊಂಡು ಹೋದರೆ ಆ ದಿನ ಅಷ್ಟೇ. ಸೀಲ್ ಒಡೆದ ಕಾರ್ಟ್ರಿಡ್ಜನ್ನು ಸಾಮಾನ್ಯವಾಗಿ ಯಾರೂ ವಾಪಸ್ ತಗೊಳ್ಳುವುದಿಲ್ಲ.

ಅಮೆರಿಕದಲ್ಲಿರುವ ಮಗನ ಕೈಲಿ ತರಿಸುವವರಿಗೂ ಇದೇ ಎಚ್ಚರಿಕೆ. ಕಂಪನಿಗಳು ದೇಶಕ್ಕೊಂದು ನಂಬರ್ ಇಟ್ಟಿರುತ್ತವೆ. ಕ್ಯಾನನ್‌ನಲ್ಲಿ ನಮ್ಮ ಕಡೆ ಪಿಜಿ-745 ಇದ್ದರೆ, ಅಮೆರಿಕದಲ್ಲಿ ಪಿಜಿ-245, ಯುರೋಪಿನಲ್ಲಿ ಪಿಜಿ-545. ಅಲ್ಲಿಂದ ಬಂದಿದ್ದನ್ನು ಇಲ್ಲಿನ ಪ್ರಿಂಟರ್ ಒಪ್ಪುತ್ತದೆ ಅಂತ ನಂಬಿ ಕೂರಬೇಡಿ.

4. ಡಬ್ಬಿಯ ಬೆಲೆ ಬಿಡಿ, ಪುಟದ ಬೆಲೆ ನೋಡಿ

ಪ್ರತಿ ಕಾರ್ಟ್ರಿಡ್ಜ್‌ಗೂ ಇಷ್ಟು ಪುಟ ಬರುತ್ತದೆ ಅಂತ ಕಂಪನಿ ಹೇಳಿರುತ್ತದೆ. ಇದಕ್ಕೆ ಪೇಜ್ ಈಲ್ಡ್ ಅನ್ನುತ್ತಾರೆ. ಎಂಆರ್‌ಪಿಯನ್ನು ಇದರಿಂದ ಭಾಗಿಸಿ. 900 ರೂಪಾಯಿಯ ಕಾರ್ಟ್ರಿಡ್ಜ್ 180 ಪುಟ ಕೊಟ್ಟರೆ ಪುಟಕ್ಕೆ 5 ರೂಪಾಯಿ. 1,500 ರೂಪಾಯಿಯದು 400 ಪುಟ ಕೊಟ್ಟರೆ 3 ರೂಪಾಯಿ 75 ಪೈಸೆ. ದುಬಾರಿಯದ್ದೇ ಅಗ್ಗ ಆಯಿತಲ್ಲ!

ಎಕ್ಸ್‌ಎಲ್ ಅಂತ ಬರೆದಿರುವುದರಲ್ಲಿ ಇಂಕ್ ಜಾಸ್ತಿ. ಕ್ಯಾನನ್ 745 ಕಪ್ಪು ಸಾಮಾನ್ಯದ್ದು 180 ಪುಟ, ಎಕ್ಸ್‌ಎಲ್ 300 ಪುಟ. ಆದರೆ ಕಡಿಮೆ ಬಳಸುವವರು ಎಕ್ಸ್‌ಎಲ್ ಕೊಳ್ಳಬೇಡಿ. ಮುಗಿಯುವ ಮುಂಚೆಯೇ ಒಣಗಿದರೆ ಉಳಿತಾಯ ಎಲ್ಲಿಂದ ಬಂತು?

ಕಪ್ಪು ಮತ್ತು ಬಣ್ಣವನ್ನು ಬೇರೆ ಬೇರೆ ನೋಡಿ. ಎಚ್‌ಪಿ 680ರಲ್ಲಿ ಕಪ್ಪು 480 ಪುಟ, ಬಣ್ಣದ್ದು 150. ಮಕ್ಕಳ ಪ್ರಾಜೆಕ್ಟಿಗೆ ಪುಟ ತುಂಬ ಬಣ್ಣದ ಚಿತ್ರ ಹೊಡೆದರೆ ಆ 150 ಕೂಡ ಸಿಗುವುದಿಲ್ಲ. ಈ ಲೆಕ್ಕ ಕಟ್ಟಿರುವುದು ನಿಗದಿತ ಮಾದರಿ ಪುಟಗಳನ್ನು ಬಿಡದೆ ಪ್ರಿಂಟ್ ಮಾಡಿ. ಮನೆಯಲ್ಲಿ ಹಾಗೆ ಯಾರು ಮಾಡುತ್ತಾರೆ?

ಟ್ಯಾಂಕಿನ ಲೆಕ್ಕ ಬೇರೆಯೇ. ಎಪ್ಸನ್ 003 ಕಪ್ಪು ಬಾಟಲಿ 65 ಮಿಲಿಲೀಟರ್, ಕಂಪನಿ ಹೇಳುವುದು 4,500 ಪುಟ. ಬಾಟಲಿಗೆ 400 ರೂಪಾಯಿ ಅಂದುಕೊಂಡರೂ ಪುಟಕ್ಕೆ ಹತ್ತು ಪೈಸೆ ಆಗಲಿಲ್ಲ. ಪ್ರಿಂಟರಿಗೆ ಮಾತ್ರ ಮೊದಲೇ ಜಾಸ್ತಿ ದುಡ್ಡು ಹಾಕಬೇಕು. ಪ್ರಿಂಟರ್ ಅಗ್ಗ ಅಂದರೆ ಇಂಕ್ ದುಬಾರಿ, ಇಂಕ್ ಅಗ್ಗ ಅಂದರೆ ಪ್ರಿಂಟರ್ ದುಬಾರಿ. ಕಂಪನಿಯವರು ಎಲ್ಲೋ ಒಂದು ಕಡೆ ತಗೊಂಡೇ ತಗೊಳ್ಳುತ್ತಾರೆ.

ಇಂಕಿನಲ್ಲೂ ಎರಡು ಬಗೆ. ಡೈ ಇಂಕ್ ಅಂದರೆ ಬಣ್ಣ ನೀರಿನಲ್ಲಿ ಕರಗಿರುವುದು. ಪಿಗ್ಮೆಂಟ್ ಅಂದರೆ ಬಣ್ಣದ ಸಣ್ಣ ಪುಡಿ ನೀರಿನಲ್ಲಿ ತೇಲುತ್ತಿರುವುದು. ಡೈ ಇಂಕಿನ ಪುಟದ ಮೇಲೆ ಒದ್ದೆ ಬೆರಳಿಟ್ಟರೆ ಕದಡುತ್ತದೆ. ಪಿಗ್ಮೆಂಟ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಎಚ್‌ಪಿ, ಕ್ಯಾನನ್‌ನ ಎರಡು ಕಾರ್ಟ್ರಿಡ್ಜ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕಪ್ಪು ಪಿಗ್ಮೆಂಟ್, ಬಣ್ಣ ಡೈ. 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಅಳಿಸದ ಶಾಯಿ ಕೊಡುತ್ತಿರುವುದು ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ. ಆ ಗಟ್ಟಿತನವನ್ನು ಮನೆ ಪ್ರಿಂಟರಿನ ಬಣ್ಣದ ಇಂಕಿನಲ್ಲಿ ಹುಡುಕಬೇಡಿ. ಮಳೆಗಾಲದಲ್ಲಿ ಕಚೇರಿಗೆ ಒಯ್ಯುವ ಕಾಗದವನ್ನು ಕಪ್ಪಿನಲ್ಲೇ ತೆಗೆಯಿರಿ, ಪ್ಲಾಸ್ಟಿಕ್ ಕವರಿನಲ್ಲಿ ಇಡಿ.

5. ಒರಿಜಿನಲ್, ಕಂಪ್ಯಾಟಿಬಲ್, ರೀಫಿಲ್

ಒರಿಜಿನಲ್ ಕೊಳ್ಳುವಾಗ ಡಬ್ಬಿಯ ಸೀಲ್ ಹರಿದಿಲ್ಲ ತಾನೇ ನೋಡಿ. ಎಂಆರ್‌ಪಿ, ತಯಾರಾದ ಅಥವಾ ಆಮದಾದ ತಿಂಗಳು, ಆಮದು ಮಾಡಿದವರ ವಿಳಾಸ ಅಚ್ಚಾಗಿರಬೇಕು. ಡಬ್ಬಿ ಮೇಲೆ ಬರೆದಿರುವ, ಬಳಸಲು ಕೊನೆಯ ದಿನಾಂಕ ಹತ್ತಿರ ಬಂದಿದ್ದರೆ ಬೇರೆ ಕೊಡಿ ಅನ್ನಿ. ಬಿಲ್ ತಗೊಳ್ಳಿ. ಎಂಆರ್‌ಪಿಯ ಅರ್ಧಕ್ಕೆ ಒರಿಜಿನಲ್ ಕೊಡುತ್ತೇನೆ ಅಂದರೆ ನಕಲಿ ಅಂತಲೇ ತಿಳಿಯಿರಿ.

ಕಂಪ್ಯಾಟಿಬಲ್ ಅಂದರೆ ಬೇರೆ ಕಂಪನಿ ಮಾಡಿದ್ದು. ಅದು ನಕಲಿ ಅಲ್ಲ, ತನ್ನ ಹೆಸರಿನಲ್ಲೇ ಬರುತ್ತದೆ. ಕೆಲವು ಚೆನ್ನಾಗಿವೆ. ತೊಂದರೆ ಬರುವುದು ಚಿಪ್‌ನಲ್ಲಿ, ಅಂದರೆ ಕಾರ್ಟ್ರಿಡ್ಜ್ ಯಾರದ್ದು ಅಂತ ಪ್ರಿಂಟರಿಗೆ ಹೇಳುವ ಸಣ್ಣ ಎಲೆಕ್ಟ್ರಾನಿಕ್ ಬಿಲ್ಲೆಯಲ್ಲಿ. ಕೆಲವು ಪ್ರಿಂಟರ್‌ಗಳು ತಮ್ಮ ಕಂಪನಿಯ ಚಿಪ್ ಇಲ್ಲದಿದ್ದರೆ ಕಾರ್ಟ್ರಿಡ್ಜನ್ನು ತಿರಸ್ಕರಿಸುತ್ತವೆ. ನಿನ್ನೆ ನಡೆದಿದ್ದು ಇಂದು ಪ್ರಿಂಟರಿನ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ನಿಲ್ಲಬಹುದು. ಎಚ್‌ಪಿ ಇದನ್ನು ಡೈನಾಮಿಕ್ ಸೆಕ್ಯೂರಿಟಿ ಅಂತ ಕರೆಯುತ್ತದೆ, ಆ ಪ್ರಿಂಟರ್‌ಗಳ ಡಬ್ಬಿ ಮೇಲೆ ಬರೆದೂ ಇರುತ್ತದೆ. ಕೊಳ್ಳುವ ಮುಂಚೆ ಓದಿ.

ಇನ್ನು ರೀಫಿಲ್. ಪ್ರಿಂಟರ್ ಹಾಳಾಗುತ್ತಾ? ಹೆಡ್ ಕಾರ್ಟ್ರಿಡ್ಜ್‌ನಲ್ಲೇ ಇರುವ ಜಾತಿಯಲ್ಲಿ ಹೆದರಿಕೆ ಕಡಿಮೆ. ಕೆಟ್ಟರೆ ಹೇಗೂ ಎಸೆಯಬೇಕಿದ್ದ ಕಾರ್ಟ್ರಿಡ್ಜ್ ಕೆಡುತ್ತದೆ. ಹೆಡ್ ಪ್ರಿಂಟರಿನಲ್ಲಿರುವ ಜಾತಿಗೆ ಮತ್ತು ಟ್ಯಾಂಕಿಗೆ ಸಿಕ್ಕ ಸಿಕ್ಕ ಇಂಕ್ ಹಾಕುವುದು ಬೇಡ. ವಾರಂಟಿ ಇನ್ನೂ ಇದ್ದರೆ, ಹೊರಗಿನ ಇಂಕಿನಿಂದ ಕೆಟ್ಟ ಭಾಗಕ್ಕೆ ಕಂಪನಿ ಹೊಣೆ ಹೊರುವುದಿಲ್ಲ ಅನ್ನುವುದೂ ನೆನಪಿರಲಿ.

ನನ್ನ ಅನುಭವದಲ್ಲಿ ಕಪ್ಪನ್ನು ಎರಡು ಮೂರು ಸಲ ರೀಫಿಲ್ ಮಾಡಿಸಬಹುದು. ಇಂಕ್ ಪೂರ್ತಿ ಒಣಗುವ ಮುಂಚೆ, ಪ್ರಿಂಟ್ ತೆಳುವಾಗುತ್ತಿದ್ದ ಹಾಗೇ ಒಯ್ಯಿರಿ. ಕಪ್ಪು ಪಿಗ್ಮೆಂಟ್ ಇದ್ದಿದ್ದಕ್ಕೆ ಡೈ ತುಂಬಿಸಬೇಡಿ. ಒಂದಕ್ಕೊಂದು ಸೇರದೆ ಗಟ್ಟಿಯಾಗಿ ಹೆಡ್ ಕಟ್ಟಬಹುದು. ಅಂಗಡಿಯವರು ನಿಮ್ಮೆದುರಿಗೇ ಟೆಸ್ಟ್ ಪ್ರಿಂಟ್ ತೆಗೆದು ತೋರಿಸಲಿ.

ಬಣ್ಣದ ಕಾರ್ಟ್ರಿಡ್ಜನ್ನು ಮನೆಯಲ್ಲಿ ತುಂಬುವ ಸಾಹಸ ಬೇಡ ಅನ್ನುತ್ತೇನೆ. ಒಂದೇ ಡಬ್ಬಿಯಲ್ಲಿ ಮೂರು ಕೋಣೆ, ಮೇಲೆ ಚೀಟಿ ಅಡಿಯಲ್ಲಿ ಮೂರು ತೂತು. ಒಂದಕ್ಕೆ ಸ್ವಲ್ಪ ಜಾಸ್ತಿ ಹೋದರೂ ಪಕ್ಕದ ಬಣ್ಣಕ್ಕೆ ಬೆರೆತು ಹಳದಿ ಹೋಗಿ ಹಸಿರಾಗುತ್ತದೆ. ಮಾಡೇ ತೀರುತ್ತೇನೆ ಅನ್ನುವವರು ಮೊದಲು ತೂತಿಗೆ ಕಡ್ಡಿ ಹಾಕಿ ಯಾವುದು ಯಾವ ಬಣ್ಣ ಅಂತ ನೋಡಿಕೊಳ್ಳಿ. ಸಿರಿಂಜನ್ನು ನಿಧಾನವಾಗಿ ಒತ್ತಿ. ಕೆಳಗೆ ಹಳೇ ಪೇಪರ್ ಹಾಸಿ, ಬಿಳಿ ಪಂಚೆ ಉಟ್ಟುಕೊಂಡು ಕೂರಬೇಡಿ.

ರೀಫಿಲ್ ಆದ ಮೇಲೂ ಕಂಪ್ಯೂಟರ್ "ಇಂಕ್ ಖಾಲಿ" ಅನ್ನುತ್ತದೆ. ಗಾಬರಿ ಬೇಡ. ಈ ಕಾರ್ಟ್ರಿಡ್ಜ್‌ಗಳಲ್ಲಿ ಪ್ರಿಂಟರ್ ಇಂಕನ್ನು ಅಳೆದು ನೋಡುವುದಿಲ್ಲ, ಎಷ್ಟು ಹನಿ ಬಿಟ್ಟೆ ಅಂತ ಎಣಿಸುತ್ತದೆ ಅಷ್ಟೇ. ಎಚ್‌ಪಿಯಲ್ಲಿ ಸೂಚನೆಗೆ ಸರಿ ಅಂತ ಒತ್ತಿ ಮುಂದೆ ಹೋಗಬಹುದು. ಕ್ಯಾನನ್‌ನ ಈ ಬಗೆಯ ಮಾದರಿಗಳಲ್ಲಿ ಸ್ಟಾಪ್ ಬಟನ್ ಐದು ಸೆಕೆಂಡ್‌ಗಿಂತ ಜಾಸ್ತಿ ಒತ್ತಿ ಹಿಡಿಯಬೇಕು. ಆಮೇಲೆ ಅದು ಇಂಕ್ ಎಷ್ಟಿದೆ ಅಂತ ತೋರಿಸುವುದಿಲ್ಲ, ನೀವೇ ಗಮನಿಸಬೇಕು. ಹೊಸ ಕಾರ್ಟ್ರಿಡ್ಜ್‌ಗೂ ಇದೇ ಮಾತು: "ಇಂಕ್ ಕಡಿಮೆ" ಅಂತ ಬಂದ ದಿನವೇ ಕಿತ್ತು ಎಸೆಯಬೇಡಿ. ಅಕ್ಷರ ತೆಳುವಾಗುವವರೆಗೆ ಬಳಸಿ.

6. ಹಾಕುವುದು

ಪ್ರಿಂಟರ್ ಆನ್ ಮಾಡಿ, ಬಾಗಿಲು ತೆಗೆಯಿರಿ. ಕಾರ್ಟ್ರಿಡ್ಜ್ ಹೊತ್ತ ಗಾಡಿ ಓಡಿ ಬಂದು ಪೂರ್ತಿ ನಿಲ್ಲುವವರೆಗೆ ಕೈ ಹಾಕಬೇಡಿ. ಹಳೆಯದನ್ನು ಮೆಲ್ಲಗೆ ಕೆಳಕ್ಕೆ ಒತ್ತಿದರೆ ಬಿಡಿಸಿಕೊಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಸಣ್ಣ ಕೊಕ್ಕೆ ಎತ್ತಬೇಕು.

ಹೊಸದನ್ನು ಎರಡೂ ಪಕ್ಕದಲ್ಲಿ ಹಿಡಿಯಿರಿ. ಹೆಡ್ ಮೇಲೆ ಅಂಟಿಸಿರುವ ಪ್ಲಾಸ್ಟಿಕ್ ಟೇಪನ್ನು ಕಿತ್ತುಹಾಕಿ. ಜನ ಮರೆಯುವುದು ಇದನ್ನೇ, ಆಮೇಲೆ "ಹೊಸ ಕಾರ್ಟ್ರಿಡ್ಜೂ ಬಿಳಿ ಹಾಳೆ ಕೊಡುತ್ತಿದೆ" ಅಂತ ಕೇಳುತ್ತಾರೆ. ಆದರೆ ಟೇಪ್ ಜೊತೆ ತಾಮ್ರದ ಪಟ್ಟಿಯನ್ನೂ ಕಿತ್ತವರಿದ್ದಾರೆ! ಆ ಪಟ್ಟಿ ಕಾರ್ಟ್ರಿಡ್ಜ್‌ನದ್ದೇ ಭಾಗ, ಅದಕ್ಕೆ ಬೆರಳೂ ತಗಲಬಾರದು. ಎರಡು ಕಾರ್ಟ್ರಿಡ್ಜ್ ಇರುವ ಡೆಸ್ಕ್‌ಜೆಟ್, ಪಿಕ್ಸ್ಮಾಗಳಲ್ಲಿ ಸಾಮಾನ್ಯವಾಗಿ ಎಡಕ್ಕೆ ಬಣ್ಣ, ಬಲಕ್ಕೆ ಕಪ್ಪು. ಟಕ್ ಅಂತ ಸದ್ದು ಬರುವವರೆಗೆ ಒತ್ತಿ.

ಆಮೇಲೆ ಪ್ರಿಂಟರ್ ಗೆರೆಗಳಿರುವ ಒಂದು ಹಾಳೆ ಹೊರಗೆ ಹಾಕಬಹುದು. ಅಲೈನ್‌ಮೆಂಟ್ ಪೇಜ್ ಅದು, ಎರಡು ಕಾರ್ಟ್ರಿಡ್ಜ್ ಒಂದೇ ಸಾಲಿಗೆ ಬರಲಿ ಅಂತ. ಸ್ಕ್ಯಾನರ್ ಇದ್ದರೆ ಅದನ್ನು ಗಾಜಿನ ಮೇಲೆ ಇಟ್ಟು ಸ್ಕ್ಯಾನ್ ಮಾಡಿಸಿ.

ಟ್ಯಾಂಕ್ ಇರುವವರಿಗೆ ಎರಡೇ ಮಾತು. ಇಂಕ್ ಕೆಳಗಿನ ಗೆರೆಗಿಂತ ಇಳಿಯಬಾರದು, ಕೊಳವೆಗೆ ಗಾಳಿ ಸೇರುತ್ತದೆ. ಬಾಟಲಿಯ ಬಣ್ಣ, ಟ್ಯಾಂಕಿನ ಚೀಟಿ ಎರಡು ಸಲ ನೋಡಿ ಸುರಿಯಿರಿ. ತಪ್ಪಿ ಬೇರೆ ಬಣ್ಣ ಬಿತ್ತೋ, ಒಂದು ಪುಟವೂ ಪ್ರಿಂಟ್ ಕೊಡದೆ ಸರ್ವಿಸ್‌ನವರನ್ನು ಕರೆಯಿರಿ.

7. ದಿನದ ಬಳಕೆ

ಗೋಡೆಯ ಸ್ವಿಚ್ ಒತ್ತಿ ಪ್ರಿಂಟರ್ ಆಫ್ ಮಾಡಬೇಡಿ. ಪ್ರಿಂಟರಿನದೇ ಬಟನ್ ಒತ್ತಿ, ದೀಪ ಆರುವವರೆಗೆ ಕಾದು, ಆಮೇಲೆ ಗೋಡೆಯದ್ದು. ಬಟನ್ ಒತ್ತಿದಾಗ ಹೆಡ್ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ನಡುವೆಯೇ ಕರೆಂಟ್ ಕಿತ್ತರೆ ಬಾಯಿ ತೆರೆದುಕೊಂಡೇ ನಿಲ್ಲುತ್ತದೆ. ಮಾರ್ಚ್, ಏಪ್ರಿಲ್‌ನ ಒಣ ಬಿಸಿಲಿಗೆ ಅದು ಒಣಗಲು ಜಾಸ್ತಿ ದಿನ ಬೇಡ. ಕರೆಂಟ್ ಹೋಗಿ ಹಾಗೇ ನಿಂತಿದ್ದರೆ, ಬಂದ ತಕ್ಷಣ ಆನ್ ಮಾಡಿ ಬಟನ್ನಿನಿಂದಲೇ ಆಫ್ ಮಾಡಿ.

ವಾರಕ್ಕೊಂದು ಪುಟ ಪ್ರಿಂಟ್ ಮಾಡಿ, ಕಪ್ಪು ಮತ್ತು ಮೂರೂ ಬಣ್ಣ ಇರುವಂಥದ್ದು. ಭಾನುವಾರ ಮಕ್ಕಳಿಗೆ ಬೇಕಾದ ಒಂದು ಚಿತ್ರ ತೆಗೆದುಕೊಟ್ಟರೂ ಸಾಕು. ಈ ಒಂದು ಪುಟದ ಇಂಕ್, ಒಂದು ಸಲ ಹೆಡ್ ಕ್ಲೀನಿಂಗ್ ಮಾಡುವಾಗ ಚೆಲ್ಲುವ ಇಂಕಿಗಿಂತ ಕಡಿಮೆ.

ಕಚೇರಿ ಕಾಗದಕ್ಕೆ ಪ್ರಿಂಟ್ ಸೆಟ್ಟಿಂಗ್‌ನಲ್ಲಿ ಗ್ರೇಸ್ಕೇಲ್ (ಬಣ್ಣವಿಲ್ಲದ ಕಪ್ಪು-ಬಿಳುಪು) ಆರಿಸಿ, ಬರೀ ಓದಲು ಆದರೆ ಡ್ರಾಫ್ಟ್ (ಕಡಿಮೆ ಇಂಕಿನ ತೆಳು ಪ್ರಿಂಟ್). ಕಾಗದದ ಬಗೆ ಪ್ಲೇನ್ ಅಂತಲೇ ಇರಲಿ. ಫೋಟೊ ಪೇಪರ್ ಅಂತ ಇಟ್ಟರೆ ಕೆಲವು ಪ್ರಿಂಟರ್‌ಗಳು ಕಪ್ಪು ಕಾರ್ಟ್ರಿಡ್ಜನ್ನು ಮುಟ್ಟದೆ ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತವೆ. ಬಣ್ಣ ಬೇಗ ಖಾಲಿಯಾಗುವ ಗುಟ್ಟು ಹಲವು ಮನೆಗಳಲ್ಲಿ ಇದೇ.

8. ಬಣ್ಣ ಬರುತ್ತಿಲ್ಲ, ಗೆರೆ ಗೆರೆ ಬರುತ್ತಿದೆ

ಒಂದು ದಸರಾ ರಜೆಗೆ ಊರಿಗೆ ಹೋಗಿ ಬಂದು ಮಗಳ ಪ್ರಾಜೆಕ್ಟಿಗೆ ಕೆಆರ್‌ಎಸ್ ಚಿತ್ರ ಪ್ರಿಂಟ್ ಕೊಟ್ಟೆ. ಆಕಾಶ, ನೀರು ಎರಡೂ ತಿಳಿ ಗುಲಾಬಿ. ನೀಲಿ ಕಟ್ಟಿಕೊಂಡಿತ್ತು. ನಿಮಗೂ ಹೀಗಾದರೆ ಈ ಕ್ರಮದಲ್ಲಿ ಹೋಗಿ.

ಮೊದಲು ನಾಜಲ್ ಚೆಕ್ ಪುಟ ತೆಗೆಯಿರಿ, ಪ್ರಿಂಟರಿನ ಮೆಂಟೆನೆನ್ಸ್ ಪಟ್ಟಿಯಲ್ಲಿ ಇರುತ್ತದೆ. ಯಾವ ಬಣ್ಣದ ಗೆರೆ ಮುರಿದಿದೆ ನೋಡಿ. ಆಮೇಲೆ ಹೆಡ್ ಕ್ಲೀನಿಂಗ್ ಒಂದು ಸಲ, ಮತ್ತೆ ಚೆಕ್. ಮೂರು ಸಲಕ್ಕಿಂತ ಜಾಸ್ತಿ ಬೇಡ. ಪ್ರಿಂಟರ್ ಆಫ್ ಮಾಡಿ ಹನ್ನೆರಡು ಗಂಟೆ ಬಿಡಿ, ಬೆಳಿಗ್ಗೆ ನೋಡಿ. ಸಿಟ್ಟಿನಲ್ಲಿ ಹತ್ತು ಸಲ ಕ್ಲೀನಿಂಗ್ ಒತ್ತಿದರೆ ಇಂಕೂ ಹೋಗುತ್ತದೆ, ಒಳಗಿನ ವೇಸ್ಟ್ ಪ್ಯಾಡೂ ತುಂಬುತ್ತದೆ. ಚೆಲ್ಲಿದ ಇಂಕನ್ನು ಹೀರುವ ಸ್ಪಂಜು ಅದು. ತುಂಬಿತು ಅಂತ ಲೆಕ್ಕ ಸಿಕ್ಕಿದರೆ ಪ್ರಿಂಟರ್ ಕೆಲಸ ನಿಲ್ಲಿಸಿಬಿಡುತ್ತದೆ. ಕ್ಯಾನನ್‌ನಲ್ಲಿ 5ಬಿ00 ಅಂತ ಬರುವುದು ಇದಕ್ಕೇ.

ಹೆಡ್ ಕಾರ್ಟ್ರಿಡ್ಜ್‌ನಲ್ಲೇ ಇದ್ದರೆ ಕೈಯಿಂದಲೂ ಬಿಡಿಸಬಹುದು. ನಲ್ಲಿ ನೀರು ಬೇಡ, ಅದರಲ್ಲಿನ ಉಪ್ಪಿನಂಶ ತೂತಿನಲ್ಲಿ ಕೂರುತ್ತದೆ. ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಗೊಳ್ಳಿ, ಸ್ವಲ್ಪ ಬೆಚ್ಚಗೆ ಮಾಡಿ. ಟಿಶ್ಯೂ ಪೇಪರ್ ಅಥವಾ ಕನ್ನಡಕ ಒರೆಸುವ ಬಟ್ಟೆ ಮಡಿಸಿ ಅದರಲ್ಲಿ ಒದ್ದೆ ಮಾಡಿ, ಮೇಜಿನ ಮೇಲಿಟ್ಟು, ಕಾರ್ಟ್ರಿಡ್ಜ್‌ನ ಹೆಡ್ಡನ್ನು ಅದರ ಮೇಲೆ ಒಂದು ನಿಮಿಷ ಇಡಿ. ಉಜ್ಜಬೇಡಿ, ಸುಮ್ನೆ ಒತ್ತಿ ಎತ್ತಿ. ಈಗ ಗುರುತು ನೋಡಿ. ಸರಿ ಇದ್ದರೆ ನೀಲಿ, ಗುಲಾಬಿ, ಹಳದಿ ಮೂರು ಪಟ್ಟಿ ಪಕ್ಕ ಪಕ್ಕ ಬೀಳುತ್ತವೆ. ನನಗೆ ಮೊದಲ ಸಲ ಎರಡೇ ಬಿತ್ತು. ಎರಡನೇ ಸಲ ಅಂಚಿನಲ್ಲಿ ಒಂದು ನೀಲಿ ಎಳೆ. ನಾಲ್ಕನೇ ಸಲಕ್ಕೆ ಮೂರೂ ತುಂಬಿ ಬಂದವು. ಆರು ಸಲ ಮಾಡಿದರೂ ಒಂದು ಪಟ್ಟಿ ಬೀಳಲೇ ಇಲ್ಲ ಅಂದರೆ ಆ ಬಣ್ಣ ನಿಜವಾಗಿಯೂ ಮುಗಿದಿದೆ, ಇಲ್ಲವೇ ಹೆಡ್ ಹೋಗಿದೆ. ತಾಮ್ರದ ಪಟ್ಟಿಗೆ ನೀರು ತಗುಲಿದ್ದರೆ ಪೂರ್ತಿ ಒಣಗಿಸಿಯೇ ವಾಪಸ್ ಹಾಕಿ.

ಬಣ್ಣ ಹೋಗಿ ಕಪ್ಪು ಮಾತ್ರ ಉಳಿದಿದ್ದರೆ, ಹಲವು ಎಚ್‌ಪಿ ಡೆಸ್ಕ್‌ಜೆಟ್‌ಗಳಲ್ಲಿ ಬಣ್ಣದ್ದನ್ನು ಹೊರಗೆ ತೆಗೆದರೂ ಒಂಟಿ ಕಾರ್ಟ್ರಿಡ್ಜ್‌ನಲ್ಲಿ ಪ್ರಿಂಟ್ ಆಗುತ್ತದೆ. ಕ್ಯಾನನ್‌ನಲ್ಲಿ ಎರಡೂ ಒಳಗೇ ಇರಬೇಕು.

9. ಇಟ್ಟುಕೊಳ್ಳುವುದು, ಎಸೆಯುವುದು

ಮುಂದಕ್ಕೆ ಅಂತ ನಾಲ್ಕು ಕೊಂಡಿಡಬೇಡಿ, ಒಂದು ಸಾಕು. ಸೀಲ್ ಒಡೆಯದೆ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಫ್ರಿಜ್ ಬೇಡ.

ಖಾಲಿ ಕಾರ್ಟ್ರಿಡ್ಜನ್ನು ಬೆಳಗಿನ ಕಸದ ಗಾಡಿಗೆ ಹಸಿ ಕಸದ ಜೊತೆ ಹಾಕಬೇಡಿ. ಕೇಂದ್ರ ಸರ್ಕಾರದ 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್ ಜೊತೆ ಕಾರ್ಟ್ರಿಡ್ಜನ್ನೂ ಸೇರಿಸಿದ್ದಾರೆ. ಹಳೇ ಚಾರ್ಜರ್, ಕೆಟ್ಟ ಇಯರ್‌ಫೋನ್ ಇಡುವ ಡಬ್ಬಿಗೇ ಇದನ್ನೂ ಹಾಕಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಟ್ಟಿಗೆ ಕೊಡಿ. ಕೊಡುವ ಮುಂಚೆ ಹೆಡ್ ಮೇಲೆ ಒಂದು ತುಂಡು ಸೆಲ್ಲೋ ಟೇಪ್ ಅಂಟಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಖಾಲಿ ಅಂದರೂ ಒಂದಿಷ್ಟು ಸೋರುತ್ತದೆ, ನೆಲದ ಗಾರೆಗೆ ಹತ್ತಿದರೆ ಬೇಗ ಹೋಗುವುದಿಲ್ಲ.